ಕಂಬ ಸರಿಸಿ ಜಾಗ ತೋರಿಸಿದ ಮಿಮಾರ್ ಸಿನಾನ್

ಜುಮಾಕ್ಕೆ ದೊಡ್ಡ ಮಸೀದಿಗೆ ಹೋಗಿರುತ್ತೀರಿ. ನಿಂತ ಸಫ್‌ನ ಎದುರಿಗೇ ದಪ್ಪ ಕಂಬ. ಮಿಹ್ರಾಬೂ ಕಾಣುವುದಿಲ್ಲ, ಖತೀಬರೂ ಕಾಣುವುದಿಲ್ಲ. ಆಗ ಎಷ್ಟು ದೊಡ್ಡ ಮಸೀದಿಯೂ ಇಕ್ಕಟ್ಟು ಅನಿಸುತ್ತದೆ, ಅಲ್ವಾ? ನಾಲ್ಕೂವರೆ ಶತಮಾನದ ಹಿಂದೆ ತುರ್ಕಿಯ ಮಿಮಾರ್ ಸಿನಾನ್ ಈ ತೊಂದರೆಗೆ ಉತ್ತರ ಹುಡುಕುತ್ತಲೇ ಆಯುಷ್ಯ ಕಳೆದರು.

ಸಿನಾನ್ 1490ರ ಆಸುಪಾಸಿನಲ್ಲಿ ಕೈಸೇರಿ ಹತ್ತಿರದ ಹಳ್ಳಿಯೊಂದರ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದರು. ಉಸ್ಮಾನಿಯಾ ಸೇನೆಗೆ ಸೇರಿಸಲ್ಪಟ್ಟು ಮುಸ್ಲಿಮರಾದರು. ಸೈನಿಕನಾಗಿ ಊರೂರು ತಿರುಗುವಾಗ ಸೇತುವೆ, ದೋಣಿ ಕಟ್ಟುವುದನ್ನು ಕಲಿತರು. 1539ರ ಸುಮಾರಿಗೆ ಸುಲ್ತಾನ್ ಸುಲೈಮಾನರು ಅವರನ್ನು ಮುಖ್ಯ ಮಿಮಾರ್, ಅಂದರೆ ಕಟ್ಟಡ ಶಿಲ್ಪಿ ಮಾಡಿದರು. ಮೂವರು ಸುಲ್ತಾನರ ಕಾಲದಲ್ಲಿ ಸುಮಾರು 50 ವರ್ಷ ಅದೇ ಹುದ್ದೆಯಲ್ಲಿದ್ದರು.

ಗುಮ್ಮಟದ ಭಾರ ಎಲ್ಲಾದರೂ ಇಳಿಯಲೇಬೇಕು. 1548ರಲ್ಲಿ ಮುಗಿದ ಇಸ್ತಾಂಬುಲ್‌ನ ಶಹಝಾದೆ ಮಸೀದಿಯಲ್ಲಿ ಅದು ನಾಲ್ಕು ದೊಡ್ಡ ಕಂಬಗಳ ಮೇಲೆ ಇಳಿಯಿತು. ಕಂಬಗಳು ನಮಾಝಿನ ಜಾಗದಲ್ಲೇ ಉಳಿದವು. 1557ರ ಸುಲೈಮಾನಿಯಾದಲ್ಲಿ ಗೋಡೆಗೆ ಆಸರೆ ಕೊಡುವ ದಪ್ಪ ಕಲ್ಲಿನ ಕಟ್ಟೆಗಳನ್ನು ಅರ್ಧ ಒಳಗೆ, ಅರ್ಧ ಹೊರಗೆ ಇಟ್ಟು, ಮೊಗಸಾಲೆಗಳಿಂದ ಮರೆ ಮಾಡಿದರು. ಒಳಗೆ ನಿಂತವರ ಕಣ್ಣಿಗೆ ಆ ಕಟ್ಟೆಗಳ ಭಾರ ಅಷ್ಟಾಗಿ ಕಾಣಲಿಲ್ಲ. ಇಸ್ತಾಂಬುಲ್‌ನ ಕದಿರ್ಗಾದಲ್ಲಿ ಸಿಕ್ಕಿದ್ದು ಇಳಿಜಾರಾದ ಚಿಕ್ಕ ಜಾಗ. ಅಲ್ಲಿ ಆರು ಆಸರೆಗಳನ್ನು ಗೋಡೆಗೇ ಸೇರಿಸಿಬಿಟ್ಟರು. ಚಿಕ್ಕ ಮಸೀದಿಯೂ ವಿಶಾಲವಾಗಿ ಕಂಡಿತು.

ಕೊನೆಗೆ ಎದಿರ್ನೆಯ ಸಲೀಮಿಯಾ. ಅದನ್ನು ಕಟ್ಟಿಸುವಾಗ ಸಿನಾನ್‌ರಿಗೆ 80ರ ಆಸುಪಾಸು. ಸುಮಾರು 31 ಮೀಟರ್ ಅಗಲದ ಗುಮ್ಮಟವನ್ನು ಎಂಟು ಕಂಬಗಳ ಮೇಲೆ ನಿಲ್ಲಿಸಿ, ಕಂಬಗಳನ್ನು ಗೋಡೆಯತ್ತ ಸರಿಸಿದರು. ಭಾರ ಅಂಚಿಗೆ ಹೋದ ಕಾರಣ ನಡುವೆ ಒಂದೇ ದೊಡ್ಡ ಬಯಲು. ಮಿಹ್ರಾಬನ್ನು ಗೋಡೆಯಿಂದ ಹಿಂದಕ್ಕೆ ತಳ್ಳಿ, ಅದರ ಮೂರೂ ಬದಿಗೆ ಕಿಟಕಿ ಇಟ್ಟರು. ಬೆಳಕು ಎಲ್ಲಿದೆಯೋ ಕಣ್ಣು ಅಲ್ಲಿಗೇ ಹೋಗುತ್ತದೆ, ಹಾಗಾಗಿ ಕಿಬ್ಲಾದ ಕಡೆ ಜಾಗ ಇನ್ನೂ ಮುಂದುವರಿದಂತೆ ತೋರುತ್ತದೆ. ಗುಮ್ಮಟದ ಬುಡದಲ್ಲಿ ಸುತ್ತಲೂ ಕಿಟಕಿಗಳು. ಅಷ್ಟು ಕಲ್ಲು ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ.

ಇದರಲ್ಲಿ ಕನ್ನಡಿಯ ಆಟವೇನೂ ಇಲ್ಲ ನೋಡಿ. ಅಡ್ಡ ಬರುವುದನ್ನು ಬದಿಗೆ ಸರಿಸಿದರು, ಬೆಳಕಿಗೆ ದಾರಿ ಬಿಟ್ಟರು, ಅಷ್ಟೇ. ಮಸೀದಿಯೋ ಮನೆಯೋ ಕಟ್ಟಲು ಹೊರಟವರು ಚದರಡಿ ಲೆಕ್ಕ ಹಾಕುವ ಮೊದಲು ಕಂಬ ಎಲ್ಲಿ, ಕಿಟಕಿ ಎಲ್ಲಿ ಎಂದು ಒಮ್ಮೆ ಯೋಚಿಸಿದರೆ ಒಳ್ಳೆಯದು.

ಸಿನಾನ್ 1588ರಲ್ಲಿ ತೀರಿಕೊಂಡರು. ಅವರ ಕಬರ್ ಸುಲೈಮಾನಿಯಾದ ಹೊರಗೆ, ರಸ್ತೆಯ ಮೂಲೆಯ ಒಂದು ಪುಟ್ಟ ಜಾಗದಲ್ಲಿದೆ. ಅಲ್ಲಾಹನು ಅವರ ಕಬರನ್ನು ವಿಶಾಲಗೊಳಿಸಲಿ, ಆಮೀನ್.