ಕುದುರೆ ಮೇಲಿನ ದಿವಾನರು, ಕಾಲ್ನಡಿಗೆಯ ಊರು

ಮೈಸೂರಿನಲ್ಲಿ ಫುಟ್‌ಪಾತ್ ವಿಷಯ ಎತ್ತಿದರೆ ಸಾಕು, ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲೋ ಚಿಕ್ಕಗಡಿಯಾರದ ಹತ್ತಿರವೋ ಯಾರಾದರೊಬ್ಬ ಹಿರಿಯರು ಮಿರ್ಜಾ ಸಾಹೇಬರ ಕಾಲ ಅಂತ ಶುರು ಮಾಡುತ್ತಾರೆ. ಆ ಕಾಲವನ್ನು ಕಣ್ಣಾರೆ ಕಂಡವರು ಈಗ ಬೆರಳೆಣಿಕೆಯಷ್ಟು. ಸರ್ ಮಿರ್ಜಾ ಇಸ್ಮಾಯಿಲ್ ಮೈಸೂರಿನ ದಿವಾನಗಿರಿ ಬಿಟ್ಟದ್ದು 1941ರಲ್ಲಿ. ಆದರೂ ಹೆಸರು ನಿಂತಿದೆ. ರಸ್ತೆ ನಡೆಯುವವನದೋ ಗಾಡಿಯವನದೋ ಎಂಬ ಜಗಳ ಬಂದಾಗಲೆಲ್ಲ ಆ ಹೆಸರನ್ನೇ ಸಾಕ್ಷಿಗೆ ಕರೆಯುತ್ತಾರೆ. ಹಾಗಾದರೆ ಆ ಮನುಷ್ಯ ಮಾಡಿದ್ದೇನು, ಮಾಡದೆ ಬಿಟ್ಟದ್ದೇನು ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕಲ್ಲ.

ಮನೆತನ ಪರ್ಷಿಯಾದ್ದು. ಅಜ್ಜ ಅಲಿ ಅಸ್ಕರ್ ಶಿರಾಜ್ ಪಟ್ಟಣದಿಂದ ಕುದುರೆ ವ್ಯಾಪಾರಕ್ಕೆ ಬಂದು ಬೆಂಗಳೂರಿನಲ್ಲಿ ನೆಲೆ ನಿಂತವರು. ಮುಮ್ಮಡಿ ಕೃಷ್ಣರಾಜ ಒಡೆಯರ ವಿಶ್ವಾಸ ಗಳಿಸಿದವರು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬಂಗಲೆಗಳನ್ನು ಕಟ್ಟಿಸಿದರು, ಅವರ ಹೆಸರಿನ ರಸ್ತೆ ಅಲ್ಲಿದೆ. ಮೊಮ್ಮಗ ಮಿರ್ಜಾ ಹುಟ್ಟಿದ್ದು 1883ರ ಅಕ್ಟೋಬರ್ 24ರಂದು. ನಾಲ್ವಡಿ ಕೃಷ್ಣರಾಜ ಒಡೆಯರು ಬಾಲಕರಾಗಿದ್ದಾಗ ಅವರ ಜೊತೆ ಕೂತು ಪಾಠ ಕಲಿಯಲು ಆರಿಸಿದ ಹುಡುಗರಲ್ಲಿ ಇವರೂ ಒಬ್ಬರು. ಮುಂದಿನದ್ದಕ್ಕೆಲ್ಲ ಬುನಾದಿ ಅದೇ. ಸೆಂಟ್ರಲ್ ಕಾಲೇಜಿನಲ್ಲಿ ಪದವಿ, 1905ರಲ್ಲಿ ಪೊಲೀಸ್ ಇಲಾಖೆಯಲ್ಲಿ ಕೆಲಸ, ಆಮೇಲೆ ಅರಮನೆಯ ಕಾರ್ಯದರ್ಶಿಗಿರಿ. 1926ರ ಮೇ ತಿಂಗಳಲ್ಲಿ ದಿವಾನರಾದಾಗ ವಯಸ್ಸು ನಲವತ್ತೆರಡು. ಹದಿನೈದು ವರ್ಷ ಆ ಕುರ್ಚಿಯಲ್ಲಿ ಕೂತರು. ಕೂತರು ಅನ್ನುವುದು ಮಾತಿಗೆ ಅಷ್ಟೇ. ಅವರು ಕೂತದ್ದು ಹೆಚ್ಚಾಗಿ ಕುದುರೆ ಮೇಲೆ.

ಬೆಳಗಿನ ಹೊತ್ತು ಊರು ಏಳುವ ಮುಂಚೆ ದಿವಾನರು ಸವಾರಿ ಹೊರಡುತ್ತಿದ್ದರು. ಬೆಂಗಳೂರಾಗಲಿ ಮೈಸೂರಾಗಲಿ ಇದೇ ರೂಢಿ. ಯಾವ ಮೋರಿ ಕಟ್ಟಿದೆ, ಯಾವ ಬೀದಿಯಲ್ಲಿ ಕಸ ಬಿದ್ದಿದೆ, ಯಾವ ಅಂಗಡಿಯವನು ಹಲಗೆ ಮುಂದಕ್ಕೆ ಚಾಚಿದ್ದಾನೆ, ಯಾವ ದೀಪದ ಕಂಬ ವಾಲಿದೆ, ಎಲ್ಲ ಕಣ್ಣಿಗೆ ಬೀಳಬೇಕು. ಬಿದ್ದದ್ದು ಚೀಟಿಯಾಗಿ ಸಂಬಂಧಪಟ್ಟ ಅಧಿಕಾರಿಯ ಮೇಜಿಗೆ ಹೋಗಬೇಕು. ದಿವಾನರ ಸವಾರಿ ಇವತ್ತು ಯಾವ ದಿಕ್ಕಿಗೆ ಎಂಬುದು ಗೊತ್ತಿಲ್ಲದ್ದರಿಂದ ಎಲ್ಲ ದಿಕ್ಕನ್ನೂ ಗುಡಿಸಬೇಕಾಗುತ್ತಿತ್ತು. ಈ ಪದ್ಧತಿಗೆ ಕಾಸು ಖರ್ಚಿಲ್ಲ. ಕಮಿಟಿ ಬೇಕಿಲ್ಲ, ಟೆಂಡರು ಬೇಕಿಲ್ಲ. ಬೇಕಾದದ್ದು ಬೇಗ ಏಳುವ ಒಬ್ಬ ಮನುಷ್ಯ ಮತ್ತು ಅವನಿಗೆ ಹೆದರುವ ಒಂದು ಇಲಾಖೆ.

ಆಗಿನ ಮೈಸೂರು ಎಷ್ಟಿತ್ತು? 1930ರ ಸುಮಾರಿಗೆ ಜನ ಒಂದು ಲಕ್ಷದ ಆಸುಪಾಸು. 2011ರ ಜನಗಣತಿಯಲ್ಲಿ ಅದು ಒಂಬತ್ತು ಲಕ್ಷದ ಹತ್ತಿರ ಬಂದಿತ್ತು. ಮೋಟಾರು ಇದ್ದದ್ದು ಅರಮನೆಗೆ, ದೊಡ್ಡ ಅಧಿಕಾರಿಗಳಿಗೆ, ಕೆಲವು ಸಾಹುಕಾರರಿಗೆ. ಅವಸರವಿದ್ದವರಿಗೆ ಟಾಂಗಾ. ಉಳಿದವರೆಲ್ಲ ನಡೆಯುವವರೇ. ಸೈಕಲ್ಲು ಆಗ ಅಳಿಯನಿಗೆ ಕೊಡುವ ಉಡುಗೊರೆ. ಪ್ಲೇಗು ಬಂದು ಹೋದ ಮೇಲೆ 1903ರಲ್ಲಿ ನಗರ ಅಭಿವೃದ್ಧಿಗೆಂದೇ ಟ್ರಸ್ಟ್ ಬೋರ್ಡ್ ಆಗಿತ್ತು. ಹೊಸ ಬಡಾವಣೆಗಳಿಗೆ ಅಗಲವಾದ ಬೀದಿ, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಬಂದಿದ್ದವು. ಅಂದರೆ ಮಿರ್ಜಾ ಸಾಹೇಬರ ಕೈಗೆ ಬಂದದ್ದು ಖಾಲಿ ಹಲಗೆಯಲ್ಲ, ಅರ್ಧ ಬರೆದ ಹಲಗೆ. ಎಲ್ಲ ಅವರೇ ಕಟ್ಟಿಸಿದರು ಅನ್ನುವುದು ಹಿರಿಯರ ಪ್ರೀತಿಯ ಉತ್ಪ್ರೇಕ್ಷೆ.

ಅವರು ಮಾಡಿದ್ದು ಆ ಬೀದಿಗಳನ್ನು ನೋಡುವಂತೆ ಮಾಡಿದ್ದು. ಚೌಕಗಳು, ವೃತ್ತಗಳು, ಕಾರಂಜಿ, ಅಲಂಕಾರದ ದೀಪದ ಕಂಬ, ಹೂದೋಟ. ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನ ಎದ್ದದ್ದು ಇವರ ಕಾಲದಲ್ಲೇ. ಲಾಲ್‌ಬಾಗಿನ ಜರ್ಮನ್ ತೋಟಗಾರ ಕ್ರುಂಬಿಗಲ್ ಅವರ ಕೈಚಳಕ ರಾಜ್ಯದ ಉದ್ಯಾನಗಳಿಗೂ ಸಾಲುಮರಗಳಿಗೂ ಒದಗಿತು. ಒಂದು ಜಾತಿಯ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು ಎಂಬ ಲೆಕ್ಕದಲ್ಲಿ ಮರ ನೆಡುವುದು ಕ್ರುಂಬಿಗಲ್ ಪದ್ಧತಿ. ದಿವಾನರಿಗೆ ಅದರಲ್ಲಿ ಬೇಕಿದ್ದದ್ದು ಬಣ್ಣ. ನಡೆಯುವವನಿಗೆ ಸಿಕ್ಕಿದ್ದು ನೆರಳು.

ಇಲ್ಲೇ ಒಂದು ಮಾತು ಸ್ಪಷ್ಟವಾಗಬೇಕು. ಮಿರ್ಜಾ ಸಾಹೇಬರು ಪಾದಚಾರಿಗಳ ಪಕ್ಷದವರು ಅಂತ ಈಗ ಕೆಲವರು ಪಟ್ಟ ಕಟ್ಟುತ್ತಾರೆ. ಹಾಗೇನೂ ಅಲ್ಲ. ಅವರಿಗೆ ಬೇಕಿದ್ದದ್ದು ಚಂದದ ಊರು. ಊರು ಚಂದ ಕಾಣಬೇಕಾದರೆ ಫುಟ್‌ಪಾತಿನ ಮೇಲೆ ಡಬ್ಬ ಇಡಬಾರದು, ಮೋರಿ ಬಾಯಿ ತೆರೆದಿರಬಾರದು, ಮರ ಕಡಿಯಬಾರದು, ಕಟ್ಟಡ ಸಾಲು ತಪ್ಪಬಾರದು. ಇಷ್ಟಾದರೆ ನಡೆಯುವವನ ಕಾಲಿಗೆ ತಾನಾಗಿ ಸುಖ. ಆರ್.ಕೆ. ನಾರಾಯಣ್ ದಿನವೂ ಮೈಸೂರಿನ ಬೀದಿಗಳಲ್ಲಿ ಸುತ್ತಿ, ಕಂಡವರ ಹತ್ತಿರವೆಲ್ಲ ಹರಟಿ ಕತೆಗೆ ಸಾಮಗ್ರಿ ಕೂಡಿಸಿದ್ದು ಇಂಥ ಊರಿನಲ್ಲಿ. ಅದೇ ನಾರಾಯಣ್ ಅವರಿಂದ ರಾಜ್ಯದ ಬಗ್ಗೆ ಪ್ರವಾಸದ ಪುಸ್ತಕ ಬರೆಸಿದವರೂ ಈ ದಿವಾನರೇ. 1939ರಲ್ಲಿ ಅದು ಅಚ್ಚಾಯಿತು.

ಹೊಗಳಿಕೆ ಒಂದೇ ಇತ್ತು ಅಂದುಕೊಳ್ಳಬೇಡಿ. ಹಳ್ಳಿಗಳಲ್ಲಿ ಕುಡಿಯುವ ನೀರಿಗೆ ಬಾವಿ ಇಲ್ಲದಿರುವಾಗ ಪಟ್ಟಣದಲ್ಲಿ ಕಾರಂಜಿ ಯಾಕೆ ಎಂಬ ಪ್ರಶ್ನೆ ಅವರ ಕಾಲದಲ್ಲೇ ಎದ್ದಿತ್ತು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರವಾಗಿ ಕಾರ್ಖಾನೆಗಳ ಪಟ್ಟಿ ತೋರಿಸಬಹುದಿತ್ತು. ಮಂಡ್ಯದ ಸಕ್ಕರೆ, ಭದ್ರಾವತಿಯ ಕಾಗದ, ಬೆಂಗಳೂರಿನ ಪಿಂಗಾಣಿ, ಕಡೆಗೆ 1940ರಲ್ಲಿ ವಿಮಾನದ ಕಾರ್ಖಾನೆ. ಆದರೆ ರಾಜಕೀಯದಲ್ಲಿ ಅವರ ಕೈ ಬಿಗಿ. ಜವಾಬ್ದಾರಿ ಸರ್ಕಾರ ಬೇಕೆಂದು ಕೇಳಿದವರನ್ನು ಜೈಲಿಗೆ ಕಳಿಸಿದ ಸರ್ಕಾರ ಅದು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ ಜನರ ಮೇಲೆ ಗುಂಡು ಹಾರಿತು, ಹೆಣ ಬಿತ್ತು. ಬೀದಿ ಗುಡಿಸಿದ್ದನ್ನು ನೆನೆಯುವವರು ಇದನ್ನು ಮರೆತರೆ ಲೆಕ್ಕ ತಪ್ಪುತ್ತದೆ. ಆಮೇಲೆ ಪಟೇಲರ ಜೊತೆ ಒಪ್ಪಂದವಾಗಿ ಧ್ವಜದ ಗಲಾಟೆ ತಣ್ಣಗಾಯಿತು.

1939ರಲ್ಲಿ ಅವರು ಮಾಡಿದ ಒಂದು ನೇಮಕದ ವಿಷಯ ಮೈಸೂರಿಗರಿಗೆ ಅಷ್ಟಾಗಿ ಗೊತ್ತಿಲ್ಲ. ಹಿಟ್ಲರನ ಜರ್ಮನಿ ಬಿಟ್ಟು ಬಂದ ಯಹೂದಿ ಶಿಲ್ಪಿ ಆಟೋ ಕೋನಿಗ್ಸ್‌ಬರ್ಗರ್ ಅವರನ್ನು ಕರೆದು ಸಂಸ್ಥಾನದ ಶಿಲ್ಪಿ ಮಾಡಿದರು. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಅವರ ಕಟ್ಟಡಗಳಿವೆ. ದಿವಾನರಿಗೆ ಗುಮ್ಮಟ, ಕಮಾನು ಇಷ್ಟ. ಶಿಲ್ಪಿಗೆ ಗಾಳಿ ಬೆಳಕು, ಲೆಕ್ಕಾಚಾರ ಇಷ್ಟ. ಇಬ್ಬರ ಅಭಿರುಚಿ ಬೇರೆಬೇರೆ. ಆದರೆ ಮುಂದೆ 1948ರಲ್ಲಿ ಒರಿಸ್ಸಾದ ಹೊಸ ರಾಜಧಾನಿ ಭುವನೇಶ್ವರಕ್ಕೆ ನಕ್ಷೆ ಹಾಕಿದವರು ಇದೇ ಕೋನಿಗ್ಸ್‌ಬರ್ಗರ್. ಆ ನಕ್ಷೆಯಲ್ಲಿ ರಸ್ತೆಗಳನ್ನು ಏಳು ತರಹ ಮಾಡಿ ವಿಂಗಡಿಸಿದರು. ಕಾಲುದಾರಿ ಬೇರೆ, ಸೈಕಲ್ ದಾರಿ ಬೇರೆ, ಮನೆ ಮುಂದಿನ ಬೀದಿ ಬೇರೆ, ಹೆದ್ದಾರಿ ಬೇರೆ. ಮಕ್ಕಳು ಶಾಲೆಗೆ ನಡೆದೇ ಹೋಗುವಷ್ಟು ದೂರಕ್ಕೆ ಒಂದೊಂದು ನೆರೆಹೊರೆ. ಸೈಕಲ್ಲಿಗೆ ಕಾಗದದ ಮೇಲೇ ಜಾಗ ಬರೆದಿಡಬೇಕು, ಅಧಿಕಾರಿಯ ಕಣ್ಣನ್ನು ನಂಬಿ ಬಿಡಬಾರದು ಎಂಬ ಬುದ್ಧಿ ಅಲ್ಲಿ ಕಾಣುತ್ತದೆ. ಆ ಬುದ್ಧಿ ಮೈಸೂರಿಗೆ ಒದಗಲಿಲ್ಲ. ಒದಗುವ ಹೊತ್ತಿಗೆ ದಿವಾನರೇ ಹೊರಟಿದ್ದರು.

1940ರ ಆಗಸ್ಟ್‌ನಲ್ಲಿ ನಾಲ್ವಡಿಯವರು ತೀರಿಕೊಂಡರು. ಚಿಕ್ಕಂದಿನ ಗೆಳೆಯ, ಧಣಿ, ಎರಡೂ ಒಟ್ಟಿಗೆ ಹೋದಂತಾಯಿತು. ಜಯಚಾಮರಾಜ ಒಡೆಯರ ಆಳ್ವಿಕೆಯಲ್ಲಿ ಹೊಂದಾಣಿಕೆ ಹೆಚ್ಚು ದಿನ ನಡೆಯಲಿಲ್ಲ. ಮರುವರ್ಷ ರಾಜೀನಾಮೆ.

1942ರಲ್ಲಿ ಜೈಪುರದಿಂದ ಕರೆ ಬಂತು. ಪ್ರಧಾನಿಯಾಗಿ ನಾಲ್ಕು ವರ್ಷ ಅಲ್ಲಿದ್ದರು. ಮೈಸೂರಿನಲ್ಲಿ ಮಾಡದಿದ್ದ ಕೆಲಸವೊಂದನ್ನು ಅಲ್ಲಿ ಮಾಡಿದರು. ಜೈಪುರ 1727ರಲ್ಲಿ ಸವಾಯಿ ಜಯಸಿಂಹ ಗೆರೆ ಎಳೆದು ಕಟ್ಟಿಸಿದ ಪಟ್ಟಣ. ಕೋಟೆಯೊಳಗೆ ನೇರವಾದ ಅಗಲ ಬಜಾರುಗಳು, ಎರಡೂ ಕಡೆ ಒಂದೇ ಸಾಲಿನ ಅಂಗಡಿಗಳು. ಮೇಲೆ ಮರುಭೂಮಿಯ ಬಿಸಿಲು. ಆ ಅಂಗಡಿ ಸಾಲುಗಳ ಮುಂದೆ ಉದ್ದಕ್ಕೂ ಕಂಬ ನಿಲ್ಲಿಸಿ ಮೊಗಸಾಲೆ ಹಾಕಿಸಿದರು. ಗಿರಾಕಿ ಒಂದು ಅಂಗಡಿಯಿಂದ ಇನ್ನೊಂದಕ್ಕೆ ತಲೆಯ ಮೇಲೆ ಬಿಸಿಲು ಬೀಳದಂತೆ, ಒಂಟೆಗಾಡಿ ಟಾಂಗಾಗಳ ಕಾಟ ಇಲ್ಲದೆ ನಡೆದುಕೊಂಡು ಹೋಗಬಹುದು. ಕೋಟೆಯ ಹೊರಗೆ ದಕ್ಷಿಣಕ್ಕೆ ಅಗಲವಾದ ಹೊಸ ರಸ್ತೆ ಮಾಡಿದರು, ಅದಕ್ಕೆ ಅವರದೇ ಹೆಸರು. ಎಂ.ಐ. ರೋಡ್ ಅಂದರೆ ಮಿರ್ಜಾ ಇಸ್ಮಾಯಿಲ್ ರೋಡ್.

ಆ ಮೊಗಸಾಲೆಗಳ ಮುಂದಿನ ಕತೆ ಕೇಳಿದರೆ ಮೈಸೂರಿಗರಿಗೆ ಹೊಸದೇನೂ ಅನ್ನಿಸುವುದಿಲ್ಲ. ಮೊದಲು ಅಂಗಡಿಯವನು ಒಂದು ಸ್ಟೂಲ್ ಹೊರಗಿಟ್ಟ. ಆಮೇಲೆ ಒಂದು ಗಾಜಿನ ಪೆಟ್ಟಿಗೆ. ಆಮೇಲೆ ಪರದೆ, ಆಮೇಲೆ ಗೋಡೆ. ನಡೆಯುವವನು ರಸ್ತೆಗೆ ಇಳಿದ, ರಸ್ತೆಯಲ್ಲಿ ಅಷ್ಟು ಹೊತ್ತಿಗೆ ಸ್ಕೂಟರು ಬಂದಿತ್ತು. ಅರ್ಧ ಶತಮಾನ ಹೀಗೇ ಕಳೆದು 2000ದ ಸುಮಾರಿಗೆ ಆಪರೇಷನ್ ಪಿಂಕ್ ಎಂಬ ಹೆಸರಿನಲ್ಲಿ ಅಲ್ಲಿನ ನಗರಾಡಳಿತ ಒತ್ತುವರಿ ತೆರವು ಮಾಡಿಸಿತು. ವ್ಯಾಪಾರಿಗಳು ಗಲಾಟೆ ಮಾಡಿದರು. ಆದರೆ ಕಂಬಗಳು ಕಲ್ಲುಗಾರೆಯಲ್ಲಿ ನಿಂತಿದ್ದವಲ್ಲ, ಜಾಗ ಯಾರದು ಎಂಬುದಕ್ಕೆ ಬೇರೆ ದಾಖಲೆ ಬೇಕಾಗಲಿಲ್ಲ. ಪರದೆ, ಗೋಡೆ ಕಿತ್ತ ಕೂಡಲೇ ಮಿರ್ಜಾ ಸಾಹೇಬರ ದಾರಿ ಹಾಗೇ ಹೊರಗೆ ಬಂತು. 2019ರಲ್ಲಿ ಯುನೆಸ್ಕೋ ಆ ಪಟ್ಟಣವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೈಸೂರಿನಲ್ಲಿ ಅಂಥ ಕಂಬ ಇರಲಿಲ್ಲ. ಇದ್ದದ್ದು ದಿವಾನರ ಕಣ್ಣು ಮಾತ್ರ. ಕಣ್ಣು ಹೋಯಿತು, ಹಲಗೆ ಮುಂದಕ್ಕೆ ಬಂತು. ಮಧ್ಯೆ ಒಂದು ಒಳ್ಳೆಯ ಕಾಲ ಬಂದು ಹೋಯಿತು, ಅದು ಸೈಕಲ್ಲಿನ ಕಾಲ. ಕಾಲೇಜು ಹುಡುಗರು, ಮೇಷ್ಟ್ರುಗಳು, ಗುಮಾಸ್ತರು, ಹಾಲಿನವರು, ಗಿರಣಿ ಕೆಲಸದವರು ಎಲ್ಲರಿಗೂ ಸೈಕಲ್ಲೇ. ಸ್ವಂತ ಇಲ್ಲದವರಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಅಂಗಡಿ. ಮುನಿಸಿಪಾಲಿಟಿಯ ಬಿಲ್ಲೆ ಇಲ್ಲದಿದ್ದರೆ ದಂಡ, ರಾತ್ರಿ ದೀಪ ಇಲ್ಲದಿದ್ದರೆ ದಂಡ, ಡಬಲ್ ರೈಡ್ ಹೋದರೆ ಚಕ್ರದ ಗಾಳಿ ಹೋಯಿತು. ಸೈಕಲ್ಲಿಗೆ ಕಾನೂನು ಇತ್ತು, ದಾರಿ ಮಾತ್ರ ಇರಲಿಲ್ಲ. ರಸ್ತೆ ಖಾಲಿ ಇದ್ದದ್ದರಿಂದ ಅದು ಯಾರಿಗೂ ಕೊರತೆ ಅನ್ನಿಸಲಿಲ್ಲ. ಮೊಪೆಡ್ಡು, ಸ್ಕೂಟರು, ಆಮೇಲೆ ಕಾರು ಬಂದ ಮೇಲೆ ಸೈಕಲ್ಲು ಅಂಚಿಗೆ ಸರಿಯಿತು, ಅಂಚಿನಲ್ಲಿದ್ದವನು ಮೋರಿಗೆ ಸರಿದ.

2017ರ ಜೂನ್‌ನಲ್ಲಿ ಟ್ರಿಣ್ ಟ್ರಿಣ್ ಎಂಬ ಹೆಸರಿನಲ್ಲಿ ಬಾಡಿಗೆ ಸೈಕಲ್ಲುಗಳು ಮತ್ತೆ ಬಂದವು. 450 ಸೈಕಲ್ಲು, 48 ನಿಲ್ದಾಣ. ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಡಬಹುದು. ಹಳೆಯ ಬಾಡಿಗೆ ಅಂಗಡಿಯ ಮೊಮ್ಮಗ ಅನ್ನಿ, ಕಾರ್ಡು ಹಿಡಿದು ಬಂದಿದ್ದಾನೆ. ದೇಶದ ಬೇರೆ ಊರುಗಳವರು ಬಂದು ನೋಡಿಕೊಂಡು ಹೋದರು. ನಿಲ್ದಾಣವೇನೋ ಬಂತು. ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೋಗುವಾಗ ಬಸ್ಸಿಗೂ ಲಾರಿಗೂ ನಡುವೆ ನುಸುಳಬೇಕಾದ ಪಾಡು ತಪ್ಪಲಿಲ್ಲ.

ಫುಟ್‌ಪಾತಿನ ಅಳತೆ ಈಗ ಯಾರ ಮರ್ಜಿಗೂ ಬಿಟ್ಟದ್ದಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಬರೆದಿಟ್ಟ ಪ್ರಕಾರ ಮನೆಗಳಿರುವ ಕಡೆಯೂ ಕನಿಷ್ಠ 1.8 ಮೀಟರ್ ಜಾಗ ಯಾವ ಅಡ್ಡಿಯೂ ಇಲ್ಲದೆ ನಡೆಯಲು ಸಿಗಬೇಕು. ಅಂಗಡಿ ಬೀದಿಯಲ್ಲಿ ಅದಕ್ಕಿಂತ ಹೆಚ್ಚು. ಟ್ರಾನ್ಸ್‌ಫಾರ್ಮರು, ಜಾಹೀರಾತಿನ ಹಲಗೆ, ನಿಲ್ಲಿಸಿದ ಬೈಕು ಆ ಅಳತೆಯೊಳಗೆ ಬರಬಾರದು. ತೆರವು ಅಂದ ಕೂಡಲೇ ಹೂವು ಮಾರುವ ಹೆಂಗಸಿನ ಬುಟ್ಟಿ ಎತ್ತುವುದು ರೂಢಿಯಾಗಿದೆ. ಅವಳ ರಕ್ಷಣೆಗೆ 2014ರ ಕಾಯ್ದೆ ಇದೆ, ಅವಳ ಬುಟ್ಟಿ ಹಿಡಿಯುವುದು ಎರಡಡಿ ಜಾಗ. ಕಾರಿಗೆ ಬೇಕಾದದ್ದು ಎಷ್ಟು ಅಂತ ಯಾರೂ ಅಳೆಯುವುದಿಲ್ಲ. ಮಿರ್ಜಾ ಸಾಹೇಬರ ಚೀಟಿಗಳಿಗೂ ಈ ದೋಷ ಇದ್ದೀತು. ಚಂದ ನೋಡುವ ಕಣ್ಣಿಗೆ ಬಡವನ ಬುಟ್ಟಿ ಕಸದಂತೆ ಕಾಣುವುದು ಉಂಟು.

ಜೈಪುರದಿಂದ ಅವರು ಹೈದರಾಬಾದಿಗೆ ಹೋದರು. 1946ರಿಂದ ಮರುವರ್ಷದವರೆಗೆ ನಿಜಾಮರ ಪ್ರಧಾನಿ. ಭಾರತದ ಜೊತೆ ಹೊಂದಿಕೊಂಡು ಹೋಗಬೇಕು ಎಂಬ ಪಕ್ಷದವರಾದ್ದರಿಂದ ಅಲ್ಲಿನ ಉಗ್ರರಿಗೆ ಬೇಡವಾದರು. ಅಲ್ಲಿ ಬೀದಿ ಗುಡಿಸಲು ಪುರುಸೊತ್ತಾಗಲಿಲ್ಲ. ಆಮೇಲೆ ಕೆಲವು ಕಾಲ ವಿಶ್ವಸಂಸ್ಥೆಯ ಪರವಾಗಿ ಇಂಡೋನೇಷ್ಯಾದಲ್ಲಿ ಕೆಲಸ. 1954ರಲ್ಲಿ ಇಂಗ್ಲಿಷಿನಲ್ಲಿ ತಮ್ಮ ಸಾರ್ವಜನಿಕ ಜೀವನದ ಪುಸ್ತಕ ಬಂತು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಎಪ್ಪತ್ತೈದು ವಯಸ್ಸು. ಅವರ ಹೆಸರಿನ ರಸ್ತೆ ಜೈಪುರದಲ್ಲಿ ಒಂದು, ಮೈಸೂರಿನ ನಜರಬಾದಿನ ಕಡೆ ಇನ್ನೊಂದು.