ಬೆಲ್ಲನ ಮನೆಯ ಮೌನ

ದೂರವಾಣಿಯ ಜನಕನೆಂದು ಖ್ಯಾತನಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ 1847ರಲ್ಲಿ ಎಡಿನ್‌ಬರೋ ನಗರದಲ್ಲಿ ಜನಿಸಿದನು. ತಾಯಿಗೆ ಕಿವಿ ಮಂದ. 1871ರಲ್ಲಿ ಬಾಸ್ಟನ್ನಿನ ಕಿವುಡರ ಶಾಲೆಯಲ್ಲಿ ಉಪಾಧ್ಯಾಯನಾದನು. 1876ರಲ್ಲಿ ದೂರವಾಣಿಗೆ ಹಕ್ಕುಪತ್ರ ದೊರೆಯಿತು. ಮರುವರ್ಷ, ಬಾಲ್ಯದಲ್ಲಿಯೇ ಜ್ವರದಿಂದ ಕಿವುಡಾಗಿದ್ದ ಶಿಷ್ಯೆ ಮೇಬಲಳನ್ನು ವರಿಸಿದನು. ಲೋಕವೆಲ್ಲ ಕೇಳಿದ ಆ ಯಂತ್ರದ ದನಿ ಅವನ ಮಡದಿಗೆ ಮಾತ್ರ ಎಂದೂ ಕೇಳಿಸಲಿಲ್ಲ! ಕಿವುಡರ ಸಂಜ್ಞಾಭಾಷೆಯನ್ನು ಅವನು ವಿರೋಧಿಸಿದನು. ಅದು ದೊಡ್ಡ ತಪ್ಪೆಂದೇ ನನ್ನೆಣಿಕೆ. 1922ರಲ್ಲಿ ತೀರಿಕೊಂಡನು.

1964ರಲ್ಲಿ ರಾಬರ್ಟ್ ವೈಟ್‌ಬ್ರೆಕ್ಟ್ ಎಂಬ ಕಿವುಡ ವಿಜ್ಞಾನಿಯೇ ದೂರವಾಣಿಯ ತಂತಿಯಲ್ಲಿ ಅಕ್ಷರಗಳನ್ನು ಹರಿಸಿದನು. ಕಿವುಡರ ಬರಹವನ್ನು ಓದಿ ಹೇಳಿ, ಕೇಳಿದ ಮಾತನ್ನು ಬರೆದು ತಿಳಿಸುವ ಮಧ್ಯಸ್ಥ ಸೇವೆಯನ್ನು ಅಮೆರಿಕವು 1990ರ ಕಾಯಿದೆಯಿಂದ ಕಡ್ಡಾಯಗೊಳಿಸಿತು. ವಾಕ್ ಶ್ರವಣ ಸಂಸ್ಥೆಯಿರುವ ನಮ್ಮ ಮೈಸೂರಿನ ಕಿವುಡನು, ವೈದ್ಯರೊಡನೆ ದೂರವಾಣಿಯಲ್ಲಿ ಮಾತನಾಡಲು ಇನ್ನೊಬ್ಬರ ಕಿವಿಯನ್ನು ಬೇಡಬೇಕೆ? ಕನ್ನಡದಲ್ಲಿ ಅಂಥ ಸೇವೆ ಹಗಲಿರುಳೂ ಬೇಕು.