ವಕೀಲಿ ವೃತ್ತಿಯಿಂದ ವಚನ ಕಾಯಕಕ್ಕೆ

ಕಾಲೇಜು ಶಿಕ್ಷಣ ಮುಗಿಸಿದ ತರುಣನ ಮುಂದೆ ಎರಡು ಪ್ರಶ್ನೆಗಳು ನಿಲ್ಲುತ್ತವೆ. ಉದರಪೋಷಣೆಗೆ ಯಾವ ಉದ್ಯೋಗವೆಂಬುದು ಒಂದು. ಬಾಳು ಯಾವುದಕ್ಕೆ ಸಲ್ಲಬೇಕೆಂಬುದು ಇನ್ನೊಂದು. ಮನೆಯ ಹಿರಿಯರು ಬಹುಮಟ್ಟಿಗೆ ಮೊದಲನೆಯದನ್ನೇ ಕೇಳುವರು. ಅದು ತಪ್ಪೂ ಅಲ್ಲ. ವಚನ ಪಿತಾಮಹರೆಂದು ನಾಡು ಕೊಂಡಾಡುವ ಫ. ಗು. ಹಳಕಟ್ಟಿಯವರಿಗೆ ಆ ಪ್ರಶ್ನೆಯ ಉತ್ತರವು ಕಾನೂನು ಪದವಿಯೊಡನೆ 1904ರಲ್ಲಿಯೇ ದೊರೆಯಿತು. ಎರಡನೆಯದರ ಉತ್ತರವು ಪೂರ್ಣವಾಗಿ ಕೈಗೂಡಲು ಮತ್ತೆ ಇಪ್ಪತ್ತು ವರ್ಷಗಳು ಬೇಕಾದವು.

1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಅವರು ಉಚ್ಚ ಶಿಕ್ಷಣಕ್ಕಾಗಿ ಮುಂಬಯಿಗೆ ತೆರಳಿ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ಮರಾಠಿ, ಗುಜರಾತಿ ಮಾತನಾಡುವವರು ತಮ್ಮ ತಾಯ್ನುಡಿಯ ಏಳಿಗೆಗೆ ದುಡಿಯುತ್ತಿದ್ದುದನ್ನು ಅಲ್ಲಿ ಕಣ್ಣಾರೆ ಕಂಡರು. ಕನ್ನಡಿಗರ ಔದಾಸೀನ್ಯವು ಅವರ ಮನಸ್ಸನ್ನು ಚುಚ್ಚಿತು. ಕಾಯಕದ ಬೀಜ ಬಿದ್ದುದು ತರಗತಿಯ ಪಾಠದಲ್ಲಲ್ಲ, ಈ ನೋವಿನಲ್ಲಿ.

ಮುಂದೆ ಬಿಜಾಪುರದಲ್ಲಿ (ಇಂದಿನ ವಿಜಯಪುರ) ವಕೀಲಿ ಸಾಗಿತು, ಹೆಸರೂ ಬಂದಿತು. ಆದರೆ ಬನಹಟ್ಟಿಯ ಒಂದು ಮನೆಯಲ್ಲಿ ಕಂಡ ತಾಡವೋಲೆಯ ಗ್ರಂಥಗಳು ಅವರ ಚಿತ್ತವನ್ನು ಹಿಡಿದುಬಿಟ್ಟಿದ್ದವು. ಶರಣರ ನುಡಿಗಳು ಮನೆಮನೆಯ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದವೇ ಹೊರತು ಓದುವವರು ವಿರಳ. ಹುಳು ತಿಂದ ಗರಿಗಳನ್ನು ಬಿಡಿಸಿ, ಪ್ರತಿ ಮಾಡಿ, ಒಂದು ಪ್ರತಿಯನ್ನು ಮತ್ತೊಂದರೊಡನೆ ತಾಳೆ ನೋಡುವ ಕೆಲಸ ಆರಂಭವಾಯಿತು. ಸಾಕ್ಷ್ಯಗಳನ್ನು ತೂಗಿ ನೋಡುವ ನ್ಯಾಯವಾದಿಯ ಅಭ್ಯಾಸ ಇಲ್ಲಿ ಒದಗಿರಲೇಬೇಕು. ಕಲಿತ ವಿದ್ಯೆಯಾವುದೂ ವ್ಯರ್ಥವಾಗಲಿಲ್ಲ. ಊರಿನ ಹಿತವನ್ನೂ ಅವರು ಮರೆಯಲಿಲ್ಲ. 1910ರಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು ತಲೆಯೆತ್ತಿದುದರಲ್ಲಿ ಅವರ ದುಡಿಮೆ ದೊಡ್ಡದು.

ಸಿದ್ಧವಾದ ವಚನಸಂಗ್ರಹವನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯವು ಅಚ್ಚುಹಾಕದೆ ಮರಳಿಸಿತು. ಎದೆಗುಂದುವುದಕ್ಕೆ ಅಷ್ಟು ಸಾಕಾಗಿತ್ತು. ಆದರೂ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಬೆಳಗಾವಿಯಲ್ಲಿ ಮುದ್ರಿತವಾಗಿ ಹೊರಬಂದಿತು. ಅನ್ಯರ ಅಚ್ಚುಕೂಟವನ್ನು ನೆಚ್ಚಿ ಕುಳಿತರೆ ಕೆಲಸ ಸಾಗದೆಂದು ಅವರು ಸ್ವಂತ ಮನೆಯನ್ನೇ ಮಾರಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಸಂಸಾರವಂದಿಗನು ಮನೆ ಮಾರುವುದೆಂದರೆ ಸಾಮಾನ್ಯವೇ? ಮಡದಿ ಮಕ್ಕಳು ಬಾಡಿಗೆಯ ಸೂರಿನ ಕೆಳಗೆ ಬಂದರು. ತ್ಯಾಗದ ಪಾಲು ಅವರದೂ ಹೌದು. ಹಿರಿಯರ ಚರಿತ್ರೆ ಬರೆಯುವವರು ಇದನ್ನು ಹೇಳದೆ ಬಿಡುವುದುಂಟು.

1926ರಲ್ಲಿ ‘ಶಿವಾನುಭವ’ ಪತ್ರಿಕೆ, ಮರುವರ್ಷ ‘ನವಕರ್ನಾಟಕ’ ಹುಟ್ಟಿದವು. ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯೂ 1926ರಲ್ಲಿಯೇ ಅವರನ್ನು ಅರಸಿ ಬಂದಿತು. ವಕೀಲಿಯ ವರಮಾನ ಹಿಂದಾಯಿತು; ಬಡತನ ಜೊತೆಯಾಯಿತು. ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಿ.ಲಿಟ್. ಪದವಿಯನ್ನಿತ್ತಾಗ, 1956ರಲ್ಲಿ, ಅವರಿಗೆ ಎಪ್ಪತ್ತಾರು ವರ್ಷ. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು.